ಗಡ್ಡೆಯ ತುಣುಕನ್ನು ಮುಂದಕ್ಕೆ ಕಾಪಾಡಿ ಇಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್ ಗಡ್ಡೆಗೆ ಆಪರೇಷನ್ ಅಂತ ತೀರ್ಮಾನವಾದ ದಿನ, ಆ ಗಡ್ಡೆ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಅದು ಮೈಯಿಂದ ಹೊರಗೆ ಹೋದರೆ ಸಾಕು ಅನ್ನಿಸಿರುತ್ತದೆ. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಬಂದಾಗ ನಾನು ಇದರ ಹಿಂದೆ ಬಿದ್ದೆ. ಸ್ವಲ್ಪ ತಿಳಿದುಕೊಂಡೆ, ಒಂದೆರಡು ಕಡೆ ಎಡವಿದೆ. ನಾನು ಡಾಕ್ಟರ್ ಅಲ್ಲ. ಆದರೆ ಈ ವಿಷಯದಲ್ಲಿ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ತರ ಇರುತ್ತವೆ. ಅವಕ್ಕೆ ಉತ್ತರ ಇಲ್ಲಿದೆ. ನಿಮ್ಮ ಕಾಯಿಲೆಗೆ ಏನು ಸರಿ ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರ್ ಹತ್ತಿರವೇ ತೀರ್ಮಾನ ಮಾಡಿಕೊಳ್ಳಿ.

ಆಸ್ಪತ್ರೆಯವರು ಹೇಗೂ ಗಡ್ಡೆಯನ್ನು ಇಟ್ಟುಕೊಳ್ಳುತ್ತಾರೆ ಅಲ್ವಾ? ನಾವು ಬೇರೆ ಯಾಕೆ ಕೇಳಬೇಕು?

ಇಡುತ್ತಾರೆ, ಆದರೆ ಪೂರ್ತಿ ಗಡ್ಡೆಯನ್ನಲ್ಲ. ತೆಗೆದ ಗಡ್ಡೆ, ರೋಗ ಪತ್ತೆ ಮಾಡುವ ಪೆಥಾಲಜಿ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಅದನ್ನು ಹೋಳು ಮಾಡಿ, ಮುಖ್ಯ ಅನ್ನಿಸಿದ ಜಾಗಗಳಿಂದ ಸಣ್ಣ ತುಣುಕುಗಳನ್ನು ಆರಿಸಿ, ಮೇಣದಲ್ಲಿ ಹೂತು ಬ್ಲಾಕ್ ಮಾಡುತ್ತಾರೆ. ಉಳಿದದ್ದು ಫಾರ್ಮಲಿನ್ (ಕೊಳೆಯದಂತೆ ಕಾಪಾಡುವ ದ್ರವ) ತುಂಬಿದ ಡಬ್ಬಿಯಲ್ಲಿ ಕೆಲವು ದಿನ ಇರುತ್ತದೆ, ಆಮೇಲೆ ವಿಲೇವಾರಿ ಆಗುತ್ತದೆ. ಅಮೆರಿಕದ ಪೆಥಾಲಜಿಸ್ಟರ, ಅಂದರೆ ಈ ಪರೀಕ್ಷೆ ಮಾಡುವ ಡಾಕ್ಟರುಗಳ, ಸಂಘದ ನಿಯಮದಲ್ಲಿ, ಹೀಗೆ ಉಳಿದ ಒದ್ದೆ ಟಿಶ್ಯೂವನ್ನು (ಮೈಯಿಂದ ತೆಗೆದ ಭಾಗವನ್ನು) ಕೊನೆಯ ರಿಪೋರ್ಟ್ ಬಂದ ಮೇಲೆ ಕನಿಷ್ಠ 2 ವಾರ ಇಡಬೇಕು, ಬ್ಲಾಕ್‌ಗಳನ್ನು ಕನಿಷ್ಠ 10 ವರ್ಷ. ಬೇರೆ ದೇಶಗಳಲ್ಲಿ ಬೇರೆ ಲೆಕ್ಕ ಇರುತ್ತದೆ.

ಅಂದರೆ ನೀವು ಏನೂ ಹೇಳದಿದ್ದರೂ ಕೆಲವು ಬ್ಲಾಕ್‌ಗಳು ಉಳಿಯುತ್ತವೆ. ಹಸಿಯಾಗಿ ಹೆಪ್ಪುಗಟ್ಟಿಸಿದ ಟಿಶ್ಯೂ ಮಾತ್ರ, ನೀವು ಮೊದಲೇ ಹೇಳದಿದ್ದರೆ, ಸಾಮಾನ್ಯವಾಗಿ ಉಳಿಯುವುದಿಲ್ಲ.

ಈ ಬ್ಲಾಕ್ ಅಂದರೆ ಏನು? ಹೇಗಿರುತ್ತದೆ?

ನಾನು ಮೊದಲ ಸಲ ಕೈಯಲ್ಲಿ ಹಿಡಿದಾಗ ಇಷ್ಟೇನಾ ಅನ್ನಿಸಿತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು. ಅದರ ಮೇಲೆ ಬಿಳಿ ಮೇಣದ ಗಟ್ಟಿ. ಮೇಣದ ಒಳಗೆ, ಉಗುರಿನಷ್ಟು ಅಗಲದ ಮಾಸಲು ಕಂದು ತುಣುಕು. ಪಕ್ಕದಲ್ಲಿ ಒಂದು ನಂಬರ್. ಅಕ್ಕನ ಹೆಸರೂ ಇರಲಿಲ್ಲ, ಬರೀ ನಂಬರ್. ಆ ನಂಬರ್ ರಿಪೋರ್ಟಿನಲ್ಲೂ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ವರ್ಷ ಆದ ಮೇಲೆ ಸಾವಿರಾರು ಬ್ಲಾಕ್‌ಗಳ ನಡುವೆ ನಿಮ್ಮದನ್ನು ಹುಡುಕಲು ಅದೇ ದಾರಿ.

ಈ ಬ್ಲಾಕಿನಿಂದ ಸುಮಾರು 4 ಮೈಕ್ರಾನ್ ದಪ್ಪದ ಪದರ ಕೊಯ್ದು ಗಾಜಿನ ಮೇಲೆ ಹಚ್ಚುತ್ತಾರೆ. ನಮ್ಮ ತಲೆಕೂದಲಿಗಿಂತ ಹತ್ತಾರು ಪಟ್ಟು ತೆಳು. ಅದಕ್ಕೆ ಸ್ಲೈಡ್ ಅನ್ನುತ್ತಾರೆ. ರೋಗ ಯಾವುದು ಎಂದು ಹೇಳುವುದು ಆ ಸ್ಲೈಡ್ ನೋಡಿಯೇ.

ಗಡ್ಡೆ ತೆಗೆದಾಯಿತು, ರಿಪೋರ್ಟ್ ಬಂತು. ಮುಂದೆ ಆ ತುಣುಕಿನಿಂದ ಏನು ಉಪಯೋಗ?

ಇವತ್ತು ಇಲ್ಲದ ಔಷಧಿ ಕೆಲವು ವರ್ಷದ ನಂತರ ಬರಬಹುದು. ಅದು ನಿಮಗೆ ಹಿಡಿಸುತ್ತದಾ ಎಂದು ನೋಡಲು ಗಡ್ಡೆಯ ತುಣುಕೇ ಬೇಕಾಗಬಹುದು.

ಅಕ್ಕನ ವಿಷಯದಲ್ಲಿ ಆಗಿದ್ದು ಇದೇ. 2017ರಲ್ಲಿ ಆಪರೇಷನ್ ಆದಾಗ ಅವಳ ರಿಪೋರ್ಟಿನಲ್ಲಿ ಹರ್-2 (ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಹೆಚ್ಚಾಗಿ ಇರುವ ಒಂದು ಪ್ರೋಟೀನ್) ನೆಗೆಟಿವ್ ಎಂದು ಬರೆದಿತ್ತು. ಆಗ ಆ ಪರೀಕ್ಷೆಯಲ್ಲಿ ಹೌದು ಅಥವಾ ಇಲ್ಲ, ಎರಡೇ ಉತ್ತರಕ್ಕೆ ಬೆಲೆ. ಸ್ಕೋರ್ 0 ಇದ್ದರೂ ನೆಗೆಟಿವ್, 1 ಇದ್ದರೂ ನೆಗೆಟಿವ್. 2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಹರ್-2 ಕಡಿಮೆ ಪ್ರಮಾಣದಲ್ಲಿ ಇದ್ದವರಿಗೂ ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ ಎಂಬ ಔಷಧಿ ಕೊಡಬಹುದು ಎಂದು ಒಪ್ಪಿತು. ಅಷ್ಟೇ, ಅಲ್ಲಿಯವರೆಗೆ ಲೆಕ್ಕಕ್ಕಿಲ್ಲದ ಆ 1ಕ್ಕೆ ಒಮ್ಮೆಲೇ ಅರ್ಥ ಬಂತು. 2023ರಲ್ಲಿ ಅಕ್ಕನ ಕಾಯಿಲೆ ಮತ್ತೆ ಕಾಣಿಸಿಕೊಂಡಾಗ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಮೊದಲು ಕೇಳಿದ್ದು ಹಳೇ ಬ್ಲಾಕ್ ಎಲ್ಲಿದೆ ಎಂದು.

ಇದಲ್ಲದೆ, ಜೀನ್ ಬದಲಾವಣೆ ಹುಡುಕುವ ದೊಡ್ಡ ಪರೀಕ್ಷೆಗೆ, ಬೇರೆ ಪೆಥಾಲಜಿಸ್ಟರ ಎರಡನೇ ಅಭಿಪ್ರಾಯಕ್ಕೆ, ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗೆ ಸೇರಿಕೊಳ್ಳಲು, ಎಲ್ಲಕ್ಕೂ ಟಿಶ್ಯೂ ಕೇಳುತ್ತಾರೆ.

ಮೇಣದ ಬ್ಲಾಕ್, ಹೆಪ್ಪುಗಟ್ಟಿಸಿದ ಟಿಶ್ಯೂ, ಜೀವಂತ ಟಿಶ್ಯೂ ಅನ್ನುತ್ತಾರೆ. ಏನು ವ್ಯತ್ಯಾಸ?

ಇದೊಂದು ಅರ್ಥವಾದರೆ ಮುಂದಿನದ್ದೆಲ್ಲ ಸುಲಭ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು ಮೇಣದ ಬ್ಲಾಕ್. ಟಿಶ್ಯೂವನ್ನು ಫಾರ್ಮಲಿನ್‌ನಲ್ಲಿ ಮುಳುಗಿಸುತ್ತಾರೆ. ಫಾರ್ಮಲಿನ್ ಒಳಗಿನ ಪ್ರೋಟೀನ್‌ಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಕೊಳೆಯುವುದು ನಿಲ್ಲುತ್ತದೆ, ಜೀವಕೋಶದ ಆಕಾರ ಹಾಗೇ ಉಳಿಯುತ್ತದೆ. 1893ರಲ್ಲಿ ಫರ್ಡಿನಾಂಡ್ ಬ್ಲಮ್ ಎಂಬ ಜರ್ಮನ್ ವೈದ್ಯರು ಇದನ್ನು ಗುರುತಿಸಿದರು. ಇವತ್ತಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಅದೇ ಪದ್ಧತಿ. ಬ್ಲಾಕ್‌ಗೆ ಫ್ರಿಜ್ ಬೇಕಿಲ್ಲ, ಕರೆಂಟ್ ಬೇಕಿಲ್ಲ, ಕಪಾಟಿನಲ್ಲಿ ಇರುತ್ತದೆ. ಕೊರತೆ ಒಂದಿದೆ: ಡಿಎನ್‌ಎ, ಆರ್‌ಎನ್‌ಎ ಸ್ವಲ್ಪ ತುಂಡುತುಂಡಾಗುತ್ತವೆ. ಈಗಿನ ಬಹುತೇಕ ಪರೀಕ್ಷೆಗಳನ್ನು ಈ ತುಂಡುಗಳನ್ನೇ ಓದುವ ಹಾಗೆ ರೂಪಿಸಿದ್ದಾರೆ, ಹಾಗಾಗಿ ಅದು ದೊಡ್ಡ ತಡೆಯಲ್ಲ.

ಎರಡನೆಯದು ಹೆಪ್ಪುಗಟ್ಟಿಸಿದ್ದು. ಹಸಿ ತುಣುಕನ್ನು ಫಾರ್ಮಲಿನ್ ಮುಟ್ಟಿಸದೆ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದ ನೆರವಿನಿಂದ ಕ್ಷಣದಲ್ಲಿ ಹೆಪ್ಪುಗಟ್ಟಿಸಿ, ಮೈನಸ್ 80ರ ಫ್ರೀಜರ್‌ನಲ್ಲಿ ಅಥವಾ ಅದಕ್ಕಿಂತ ತಣ್ಣಗಿನ ಟ್ಯಾಂಕ್‌ನಲ್ಲಿ ಇಡುತ್ತಾರೆ. ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನ್ ಎಲ್ಲ ಚೆನ್ನಾಗಿ ಉಳಿಯುತ್ತವೆ. ಆದರೆ ಜೀವಕೋಶಗಳು ಸತ್ತಿರುತ್ತವೆ. ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಒಳಗೆ ಮಂಜಿನ ಹರಳುಗಳು ಬೆಳೆದು ಟಿಶ್ಯೂ ಹಾಳಾಗುತ್ತದೆ. ಮನೆಯ ಫ್ರಿಜ್‌ನಲ್ಲಿ ಇದು ಆಗದ ಕೆಲಸ.

ಮೂರನೆಯದು ಜೀವಂತವಾಗಿ ಇಡುವುದು. ಡಿಎಂಎಸ್‌ಒ ಎಂಬ ದ್ರವ ಬೆರೆಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ನಿಧಾನವಾಗಿ ತಣ್ಣಗೆ ಮಾಡುತ್ತಾರೆ. ಮುಂದೆ ಕರಗಿಸಿದಾಗ ಕೆಲವು ಜೀವಕೋಶಗಳಾದರೂ ಬದುಕಿ ಏಳಬೇಕು, ಅದು ಉದ್ದೇಶ. ಇದಕ್ಕೆ ತರಬೇತಿ ಪಡೆದ ಲ್ಯಾಬ್ ಬೇಕು. ಟಿಶ್ಯೂ ಕೆಲವೇ ಗಂಟೆಗಳಲ್ಲಿ ಅವರ ಕೈ ಸೇರಬೇಕು.

ಒಮ್ಮೆ ಫಾರ್ಮಲಿನ್‌ಗೆ ಬಿದ್ದ ತುಣುಕನ್ನು ಮತ್ತೆ ಹಸಿಯಾಗಿಸಲು ಆಗುವುದಿಲ್ಲ. ಆಪರೇಷನ್‌ಗೆ ಮುಂಚೆಯೇ ಮಾತಾಡಬೇಕು ಅನ್ನುವುದು ಇದಕ್ಕೇ.

ನನಗೆ ಇವುಗಳಲ್ಲಿ ಯಾವುದು ಬೇಕು?

ನೇರವಾಗಿ ಹೇಳುತ್ತೇನೆ. ಹೆಚ್ಚಿನವರಿಗೆ ಬೇಕಾಗುವುದು, ಚೆನ್ನಾಗಿ ತಯಾರಾದ, ಸಾಕಷ್ಟು ಗಡ್ಡೆ ಇರುವ, ಕಳೆದುಹೋಗದ ಮೇಣದ ಬ್ಲಾಕ್. ಹೆಪ್ಪುಗಟ್ಟಿಸುವ ಬಗ್ಗೆ ಓದಿ ಓದಿ ತಲೆ ತುಂಬಿಕೊಂಡವರು ಇದನ್ನು ಮರೆತೇಬಿಡುತ್ತಾರೆ. ನಾನೂ ಮರೆತಿದ್ದೆ.

ಅಪರೂಪದ ಕ್ಯಾನ್ಸರ್ ಇದ್ದರೆ, ಇರುವ ಚಿಕಿತ್ಸೆಗಳು ಕಡಿಮೆ ಇದ್ದರೆ, ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ ಇದ್ದರೆ, ಅಥವಾ ಒಂದು ನಿರ್ದಿಷ್ಟ ಟ್ರಯಲ್ ಕಣ್ಣ ಮುಂದೆ ಇದ್ದರೆ, ಆಗ ಹೆಪ್ಪುಗಟ್ಟಿಸುವುದರ ಬಗ್ಗೆ ಗಂಭೀರವಾಗಿ ಮಾತಾಡಿ. ಜೀವಂತ ಟಿಶ್ಯೂ ಯಾವ ಚಿಕಿತ್ಸೆಗೆ ಎಂದು ಗೊತ್ತಿದ್ದರೆ ಮಾತ್ರ ಅದರ ಓಡಾಟಕ್ಕೆ ಇಳಿಯಿರಿ.

ಯಾರ ಹತ್ತಿರ ಮಾತಾಡಬೇಕು? ಸರ್ಜನ್‌ಗೆ ಹೇಳಿದರೆ ಸಾಕಾ?

ಸಾಕಾಗುವುದಿಲ್ಲ. ಸರ್ಜನ್ ಗಡ್ಡೆ ತೆಗೆಯುತ್ತಾರೆ. ಅದರಲ್ಲಿ ಎಷ್ಟನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡಬಹುದು ಎಂದು ತೀರ್ಮಾನಿಸುವವರು ಪೆಥಾಲಜಿಸ್ಟ್. ರೋಗಿಗಳು ಇವರ ಮುಖವನ್ನೇ ನೋಡಿರುವುದಿಲ್ಲ. ಆದರೆ ಈ ವಿಷಯದಲ್ಲಿ ಇವರೇ ಮುಖ್ಯ. ಸರ್ಜನ್ ಮೂಲಕ ಪೆಥಾಲಜಿ ವಿಭಾಗಕ್ಕೆ ವಿಷಯ ಮುಟ್ಟಿಸಿ. ಸಾಧ್ಯವಾದರೆ ನೀವೇ ಹೋಗಿ ಐದು ನಿಮಿಷ ಮಾತಾಡಿ. ಮುಂದೆ ಯಾವ ಪರೀಕ್ಷೆಗಳು ಬೇಕಾಗಬಹುದು ಎಂದು ಹೇಳಲು ಆಂಕಾಲಜಿಸ್ಟ್ ಬೇಕು. ಹೊರಗಿನ ಸಂಸ್ಥೆ ಟಿಶ್ಯೂ ಪಡೆಯುವುದಾದರೆ ಅವರ ಕಡೆಯ ಒಬ್ಬರು ಆಸ್ಪತ್ರೆಯ ಜೊತೆ ನೇರ ಸಂಪರ್ಕದಲ್ಲಿರಬೇಕು.

ಇವರೆಲ್ಲರ ಜೊತೆಗೆ ಇನ್ನೊಬ್ಬರು. ಆಪರೇಷನ್ ಥಿಯೇಟರ್‌ನ ನರ್ಸ್.

ನರ್ಸ್ ಯಾಕೆ?

ಯಾಕೆಂದರೆ ಡಬ್ಬಿ ಅವರ ಕೈಯಲ್ಲಿ ಇರುತ್ತದೆ.

ಅಕ್ಕನ ಆಪರೇಷನ್‌ಗೆ ಮೊದಲು ನಾನು ಸರ್ಜನ್ ಹತ್ತಿರ ಎರಡು ಸಲ ಮಾತಾಡಿದ್ದೆ. ಸ್ವಲ್ಪ ಹಸಿ ಟಿಶ್ಯೂ ಹೆಪ್ಪುಗಟ್ಟಿಸಿ ಇಡೋಣ ಎಂದು ಅವರು ಒಪ್ಪಿದ್ದರು. ಒಂದು ಬಯೋಬ್ಯಾಂಕ್ (ಟಿಶ್ಯೂ ಕಾಪಾಡಿ ಇಡುವ ಸಂಸ್ಥೆ) ತಯಾರಿತ್ತು. ಅಂದು ಬೆಳಿಗ್ಗೆ ಥಿಯೇಟರ್‌ನಲ್ಲಿ ಇದ್ದ ನರ್ಸ್‌ಗೆ ಯಾರೂ ಹೇಳಿರಲಿಲ್ಲ. ದಿನಾ ಮಾಡುವ ಹಾಗೆ ಅವರು ಫಾರ್ಮಲಿನ್ ತುಂಬಿದ ಡಬ್ಬಿ ತೆರೆದು ಇಟ್ಟಿದ್ದರು. ಗಡ್ಡೆ ಬಂತು, ಡಬ್ಬಿಗೆ ಬಿತ್ತು, ಮುಚ್ಚಳ ಮುಚ್ಚಿತು. ಅವರ ತಪ್ಪು ಎಳ್ಳಷ್ಟೂ ಇಲ್ಲ. ಮಾತು ಆ ಕೋಣೆಯ ತನಕ ಹೋಗಿರಲಿಲ್ಲ, ಅಷ್ಟೇ. ವಾರಗಟ್ಟಲೆ ನನಗೆ ಸಂಕಟವಾಗಿತ್ತು. ಆರು ವರ್ಷದ ನಂತರ ಬೇಕಾದದ್ದು ಆ ಡಬ್ಬಿಯಿಂದ ಹುಟ್ಟಿದ ಬ್ಲಾಕೇ.

ಹಾಗಾಗಿ ಬಾಯಿಮಾತು ಬೇಡ. ಕೇಸ್ ಶೀಟ್‌ನಲ್ಲಿ, ಪೆಥಾಲಜಿಗೆ ಹೋಗುವ ಚೀಟಿಯಲ್ಲಿ, "ಹಸಿಯಾಗಿ ಕಳಿಸಿ, ಫಾರ್ಮಲಿನ್ ಹಾಕಬೇಡಿ, ತಕ್ಷಣ ಪೆಥಾಲಜಿಗೆ ಫೋನ್ ಮಾಡಿ" ಎಂದು ಬರೆಸಿ. ಆಪರೇಷನ್ ದಿನ ಬೆಳಿಗ್ಗೆ ಇನ್ನೊಮ್ಮೆ ನೆನಪಿಸಿ.

ಎಷ್ಟು ದಿನ ಮುಂಚೆ ಕೇಳಬೇಕು?

ಆಪರೇಷನ್ ತಾರೀಖು ಗೊತ್ತಾದ ದಿನವೇ. ಹೊರಗಿನ ಸಂಸ್ಥೆ ಇದ್ದರೆ ಒಪ್ಪಿಗೆ ಪತ್ರ, ಅವರ ಕಿಟ್, ಸಾಗಾಟದ ಏರ್ಪಾಡು, ಎಲ್ಲಕ್ಕೂ ಸಮಯ ಹಿಡಿಯುತ್ತದೆ. ವಾರಾಂತ್ಯದಲ್ಲಿ ಅಥವಾ ರಾತ್ರಿ ಆಪರೇಷನ್ ಆದರೆ ಟಿಶ್ಯೂ ಪಡೆಯಲು ಲ್ಯಾಬ್‌ನಲ್ಲಿ ಜನ ಇರುತ್ತಾರಾ ಎಂದೂ ಕೇಳಿ.

ಡಾಕ್ಟರ್ ಹತ್ತಿರ ಹೇಗೆ ಕೇಳುವುದು? ಜಾಸ್ತಿ ತಲೆ ತಿನ್ನುತ್ತಿದ್ದೇವೆ ಅಂದುಕೊಳ್ಳುವುದಿಲ್ವಾ?

ಸಮಾಧಾನವಾಗಿ ಕೇಳಿದರೆ ಹೆಚ್ಚಿನ ಡಾಕ್ಟರುಗಳು ಬೇಸರ ಮಾಡಿಕೊಳ್ಳುವುದಿಲ್ಲ. ಹೀಗೆ ಶುರು ಮಾಡಬಹುದು:

"ಡಾಕ್ಟ್ರೇ, ಮುಂದೆ ಪರೀಕ್ಷೆಗಳಿಗೆ ಬೇಕಾಗಬಹುದು ಅಂತ ಟಿಶ್ಯೂ ಉಳಿಸಿಕೊಳ್ಳೋ ಆಸೆ ಇದೆ. ರೋಗ ಪತ್ತೆಗೆ ಬೇಕಾದಷ್ಟು ತೆಗೆದ ಮೇಲೆ ಏನಾದ್ರೂ ಮಿಕ್ಕರೆ, ಸ್ವಲ್ಪ ಹೆಪ್ಪುಗಟ್ಟಿಸಿ ಇಡೋಕೆ ಇಲ್ಲಿ ವ್ಯವಸ್ಥೆ ಇದೆಯಾ? ಇಲ್ಲದಿದ್ರೆ, ಗಡ್ಡೆ ಜಾಸ್ತಿ ಇರೋ ಒಂದು ಬ್ಲಾಕನ್ನ ಮುಂದಕ್ಕೆ ಅಂತ ಮುಟ್ಟದೆ ಇಡಬಹುದಾ?"

"ಬೇಕಾದಷ್ಟು ತೆಗೆದ ಮೇಲೆ" ಅನ್ನುವ ಮಾತನ್ನು ಬಿಡಬೇಡಿ. ಅದನ್ನು ಕೇಳಿದ ಕೂಡಲೇ ಡಾಕ್ಟರಿಗೆ ಅರ್ಧ ಚಿಂತೆ ಕಡಿಮೆಯಾಗುತ್ತದೆ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ, ಗಡ್ಡೆ ಎಷ್ಟು ದೊಡ್ಡದು, ಯಾವ ಹಂತ ಎಂದು ಹೇಳಲು ಪೆಥಾಲಜಿಸ್ಟ್‌ಗೆ ಇಡೀ ಗಡ್ಡೆ ಬೇಕು. ಥಿಯೇಟರ್‌ನಲ್ಲೇ ಯಾರೋ ಒಂದು ತುಂಡು ಕತ್ತರಿಸಿಕೊಂಡರೆ ಅಂಚು ಯಾವುದು ಎಂದೇ ಗೊತ್ತಾಗದೆ ಹೋಗಬಹುದು. ಇವತ್ತಿನ ಚಿಕಿತ್ಸೆ ನಿಂತಿರುವುದು ಆ ರಿಪೋರ್ಟ್ ಮೇಲೆ. ತುಂಡು ತೆಗೆಯುವುದಾದರೆ ಪೆಥಾಲಜಿಸ್ಟ್ ಕೈಯಿಂದಲೇ ತೆಗೆಯಬೇಕು.

ಡಾಕ್ಟರ್ ಆಗುವುದಿಲ್ಲ ಅಂದರು. ಈಗ?

ಯಾಕೆ ಎಂದು ಕೇಳಿ. ಗಡ್ಡೆ ಚಿಕ್ಕದು, ಮಿಗುವುದಿಲ್ಲ ಅಂದರೆ ಆ ಮಾತನ್ನು ಒಪ್ಪಿಕೊಳ್ಳಿ. ಫ್ರೀಜರ್ ಇಲ್ಲ ಅಂದರೆ ಹತ್ತಿರದ ದೊಡ್ಡ ಸಂಶೋಧನಾ ಆಸ್ಪತ್ರೆಯ ಬಯೋಬ್ಯಾಂಕ್ ಜೊತೆ ಮಾತಾಡಬಹುದಾ ಎಂದು ಕೇಳಿ. ಸುಮ್ನೆ ಯಾಕೆ ಅಂದರೆ, ಬ್ಲಾಕ್ ಚೆನ್ನಾಗಿ ಆಗುವ ಹಾಗೆ ನೋಡಿಕೊಳ್ಳೋಣ ಎಂದು ಮಾತನ್ನು ಆ ಕಡೆ ತಿರುಗಿಸಿ. ಆಪರೇಷನ್‌ಗೆ ಮುಂಚೆ ಸರ್ಜನ್ ಜೊತೆ ಮನಸ್ತಾಪ ಬೇಡ.

ಒಳ್ಳೆಯ ಬ್ಲಾಕ್, ಕೆಟ್ಟ ಬ್ಲಾಕ್ ಅಂತ ಇರುತ್ತದಾ?

ಖಂಡಿತ ಇರುತ್ತದೆ. ಗಡ್ಡೆ ಮೈಯಿಂದ ಹೊರಬಂದು ಫಾರ್ಮಲಿನ್ ಸೇರುವವರೆಗಿನ ಸಮಯ ಕಡಿಮೆ ಇದ್ದಷ್ಟೂ ಒಳ್ಳೆಯದು. ಸ್ತನ ಕ್ಯಾನ್ಸರ್‌ನ ಪರೀಕ್ಷೆಗಳಿಗೆ ಇದು 1 ಗಂಟೆಯೊಳಗೆ ಇರಬೇಕು, ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಬೇಕು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಫಾರ್ಮಲಿನ್ ಟಿಶ್ಯೂ ಒಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್. ದೊಡ್ಡ ಗಡ್ಡೆಯನ್ನು ಸೀಳದೆ ಇಡಿಯಾಗಿ ಡಬ್ಬಿಗೆ ಹಾಕಿಟ್ಟರೆ ಹೊರಗೆ ಗಟ್ಟಿಯಾಗುತ್ತದೆ, ನಡುವೆ ಕೊಳೆಯುತ್ತಿರುತ್ತದೆ. ಶನಿವಾರ ತೆಗೆದ ಗಡ್ಡೆಯನ್ನು ಸೋಮವಾರದ ತನಕ ಯಾರೂ ಸೀಳದಿದ್ದರೆ ಹೀಗಾಗಬಹುದು. ಇದನ್ನು ಕೇಳಲು ಸಂಕೋಚ ಬೇಡ.

ಬ್ಲಾಕಿನಲ್ಲಿ ಗಡ್ಡೆಯ ಜೀವಕೋಶಗಳ ಪಾಲು ಎಷ್ಟು ಅನ್ನುವುದೂ ಮುಖ್ಯ. ಜೀನ್ ಪರೀಕ್ಷೆಗೆ ಎಷ್ಟೋ ಲ್ಯಾಬ್‌ಗಳು ಕನಿಷ್ಠ 20 ಶೇಕಡ ಕೇಳುತ್ತವೆ. ಯಾವ ಬ್ಲಾಕಿನಲ್ಲಿ ಗಡ್ಡೆ ಅತಿ ಹೆಚ್ಚು ಇದೆ ಎಂದು ರಿಪೋರ್ಟಿನಲ್ಲಿ ಒಂದು ಸಾಲು ಬರೆಯಲು ಪೆಥಾಲಜಿಸ್ಟ್‌ಗೆ ಕೇಳಿಕೊಳ್ಳಿ. ಮುಂದೆ ಅದು ಎಷ್ಟು ಹುಡುಕಾಟ ಉಳಿಸುತ್ತದೆ ಗೊತ್ತಾ?

ಆಪರೇಷನ್‌ಗೆ ಮೊದಲೇ ಕೀಮೋ ಕೊಡುತ್ತಾರಂತೆ. ಆಗ ಏನು ಮಾಡಬೇಕು?

ಹಾಗಿದ್ದರೆ, ರೋಗ ಪತ್ತೆಗೆಂದು ಮೊದಲು ತೆಗೆದ ನಿಮ್ಮ ಬಯಾಪ್ಸಿ ತುಣುಕೇ ಚಿನ್ನ. ಕೀಮೋ ಚೆನ್ನಾಗಿ ಕೆಲಸ ಮಾಡಿದರೆ ಆಪರೇಷನ್ ಹೊತ್ತಿಗೆ ಗಡ್ಡೆಯೇ ಉಳಿದಿರುವುದಿಲ್ಲ. ಅದು ಸಂತೋಷದ ಸುದ್ದಿ, ಆದರೆ ಪರೀಕ್ಷೆಗೆ ತುಣುಕು ಸಿಗುವುದಿಲ್ಲ. ಕೀಮೋ ಶುರುವಾಗುವ ಮೊದಲಿನ ಬಯಾಪ್ಸಿಯಲ್ಲೇ ಒಂದೆರಡು ಎಳೆ ಜಾಸ್ತಿ ತೆಗೆಯಲು ಆಗುತ್ತದಾ ಎಂದು ಕೇಳಿ.

ನನಗೆ ಬಯಾಪ್ಸಿ ಮಾತ್ರ ಆಗಿದೆ. ತುಂಬಾ ಸಣ್ಣ ತುಣುಕು. ಅದನ್ನು ಹೇಗೆ ಉಳಿಸುವುದು?

ಸೂಜಿಯಲ್ಲಿ ತೆಗೆದ ಬಯಾಪ್ಸಿ ಅಂದರೆ ಶಾವಿಗೆ ಎಳೆಯಷ್ಟು. ಅದು ಬೇಗ ಮುಗಿದುಹೋಗುತ್ತದೆ. ಬ್ಲಾಕನ್ನು ಕೊಯ್ಯುವ ಯಂತ್ರಕ್ಕೆ ಪ್ರತಿ ಸಲ ಕೂರಿಸಿದಾಗಲೂ ಮೇಲ್ಮೈ ಸಮ ಮಾಡಲು ಕೆಲವು ಪದರ ಸುಮ್ನೆ ಹೋಗುತ್ತವೆ. ಇವತ್ತು ಒಂದು ಪರೀಕ್ಷೆ, ಮುಂದಿನ ವಾರ ಇನ್ನೊಂದು, ತಿಂಗಳ ಬಿಟ್ಟು ಮತ್ತೊಂದು ಎಂದು ಮಾಡಿದರೆ ಪರೀಕ್ಷೆಗೆ ಖರ್ಚಾದಷ್ಟೇ ಹೀಗೂ ಖರ್ಚಾಗಬಹುದು.

ಅದಕ್ಕೆ ಯಾವ ಯಾವ ಪರೀಕ್ಷೆ ಬೇಕು ಎಂದು ಆಂಕಾಲಜಿಸ್ಟ್ ಮೊದಲೇ ಒಟ್ಟಿಗೆ ತೀರ್ಮಾನಿಸಲಿ. ಲ್ಯಾಬ್ ಒಂದೇ ಸಲ ಕೂರಿಸಿ ಬೇಕಾದಷ್ಟು ಸ್ಲೈಡ್ ಕೊಯ್ಯಲಿ. "ತುಣುಕು ಪೂರ್ತಿ ಮುಗಿಯುವ ಸಂದರ್ಭ ಬಂದರೆ ಮೊದಲು ಡಾಕ್ಟರಿಗೆ ಫೋನ್ ಮಾಡಿ" ಎಂದು ಚೀಟಿಯಲ್ಲಿ ಬರೆಸಿ. ಒಂದು ಎಚ್ಚರಿಕೆ: ಕೊಯ್ದಿಟ್ಟ ಸ್ಲೈಡ್‌ಗಳು ಬ್ಲಾಕಿನಷ್ಟು ಬಾಳುವುದಿಲ್ಲ. ಗಾಳಿಗೆ ತೆರೆದುಕೊಂಡ ತೆಳು ಪದರದಲ್ಲಿ ಕೆಲವು ಪ್ರೋಟೀನ್‌ಗಳ ಗುರುತು ತಿಂಗಳುಗಳಲ್ಲಿ ಮಂಕಾಗುತ್ತದೆ. ವರ್ಷಗಟ್ಟಲೆ ಇಡಬೇಕಾದದ್ದು ಬ್ಲಾಕ್.

ಮೂಳೆಗೆ ಹರಡಿದೆ, ಅಲ್ಲಿಂದ ಬಯಾಪ್ಸಿ ತೆಗೆಯುತ್ತಾರೆ. ಏನಾದರೂ ವಿಶೇಷ ಇದೆಯಾ?

ಇದೆ, ತುಂಬಾ ಜನಕ್ಕೆ ತಿಳಿಯದ ವಿಷಯ. ಮೂಳೆ ಗಟ್ಟಿ, ಹಾಗೇ ಕೊಯ್ಯಲು ಬರುವುದಿಲ್ಲ. ಅದರ ಸುಣ್ಣದ ಅಂಶ ಕರಗಿಸಬೇಕು. ಬೇಗ ಆಗಲಿ ಎಂದು ಬಲವಾದ ಆಮ್ಲ ಬಳಸಿದರೆ ಡಿಎನ್‌ಎ ಹಾಳಾಗುತ್ತದೆ, ಆಮೇಲೆ ಜೀನ್ ಪರೀಕ್ಷೆ ಕೈಕೊಡಬಹುದು. ಇಡಿಟಿಎ ಎಂಬ ಮೆದು ರಾಸಾಯನಿಕ ಬಳಸಿದರೆ ನಿಧಾನ, ಆದರೆ ಡಿಎನ್‌ಎ ಉಳಿಯುತ್ತದೆ. ಜೀನ್ ಪರೀಕ್ಷೆ ಮಾಡಿಸುವ ಯೋಚನೆ ಇದೆ ಎಂದು ಮೊದಲೇ ತಿಳಿಸಿ.

ಆಪರೇಷನ್ ನಡುವೆ "ಫ್ರೋಜನ್" ಕಳಿಸಿದರು ಅಂದರು. ಅಂದರೆ ನಮ್ಮದು ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ ಅಲ್ವಾ?

ಅಲ್ಲ. ಅದು ಫ್ರೋಜನ್ ಸೆಕ್ಷನ್. ಸರ್ಜನ್ ಕಾಯುತ್ತಿರುವಾಗಲೇ ಒಂದು ತುಣುಕನ್ನು ಥಟ್ಟನೆ ಹೆಪ್ಪುಗಟ್ಟಿಸಿ, ಕೊಯ್ದು ನೋಡಿ, ಉತ್ತರ ಹೇಳುತ್ತಾರೆ. ಆಮೇಲೆ ಆ ತುಣುಕೂ ಸಾಮಾನ್ಯವಾಗಿ ಫಾರ್ಮಲಿನ್‌ಗೇ ಹೋಗುತ್ತದೆ.

ಗಡ್ಡೆಯಿಂದಲೇ ಲಸಿಕೆ, ಚಿಕಿತ್ಸೆ ಮಾಡುತ್ತಾರಂತೆ. ಅದಕ್ಕೆ ಹಸಿ ಟಿಶ್ಯೂ ಬೇಕಾ?

ಚಿಕಿತ್ಸೆಯಿಂದ ಚಿಕಿತ್ಸೆಗೆ ಬೇರೆ. 2024ರ ಫೆಬ್ರವರಿಯಲ್ಲಿ ಎಫ್‌ಡಿಎ ಮೆಲನೋಮಾಗೆ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಲಿಫಿಲ್ಯೂಸೆಲ್ ಎಂಬ ಚಿಕಿತ್ಸೆಯನ್ನು ಒಪ್ಪಿತು. ಗಡ್ಡೆಯ ಒಳಗೆ ನುಗ್ಗಿರುವ ರೋಗಿಯದೇ ರಕ್ಷಕ ಕೋಶಗಳನ್ನು ಹೊರಗೆ ತೆಗೆದು, ಬೆಳೆಸಿ, ವಾಪಸ್ ಕೊಡುತ್ತಾರೆ. ಅದಕ್ಕೆ ಹಸಿ ಗಡ್ಡೆಯೇ ಬೇಕು, ತೆಗೆದ ಕೂಡಲೇ ತಯಾರಿಕಾ ಕೇಂದ್ರಕ್ಕೆ ಹೋಗಬೇಕು. ಹಳೇ ಬ್ಲಾಕ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಕಡೆ, ಒಬ್ಬೊಬ್ಬ ರೋಗಿಗೂ ಬೇರೆ ಬೇರೆಯಾಗಿ ತಯಾರಿಸುವ ಎಂಆರ್‌ಎನ್‌ಎ ಲಸಿಕೆಗಳು ಟ್ರಯಲ್‌ನಲ್ಲಿ ಬಂದಿವೆ. ಮಾಡರ್ನಾ ಮತ್ತು ಮರ್ಕ್ ಕಂಪನಿಗಳು ಸೇರಿ ಮೆಲನೋಮಾದಲ್ಲಿ ಪರೀಕ್ಷಿಸಿದ ಲಸಿಕೆ ಗಡ್ಡೆಯ 34ರವರೆಗಿನ ಗುರುತುಗಳನ್ನು ಗುರಿ ಮಾಡುತ್ತದೆ. ಅಲ್ಲಿ ಬೇಕಿರುವುದು ಗಡ್ಡೆಯ ಜೀನ್ ಮಾಹಿತಿ. ಅದನ್ನು ಮೇಣದ ಬ್ಲಾಕಿನಿಂದಲೂ ಓದಬಹುದು.

ಟ್ರಯಲ್ ನಡೆಸುವವರಿಗೆ ಇಷ್ಟು ಕೇಳಿ: ಹಸಿಯಾ, ಹೆಪ್ಪುಗಟ್ಟಿಸಿದ್ದಾ, ಬ್ಲಾಕ್ ಸಾಕಾ? ಎಷ್ಟು ಬೇಕು? ಎಷ್ಟು ಹಳೆಯದಾದರೆ ನಡೆಯುತ್ತದೆ?

ನನ್ನ ಗಡ್ಡೆಯ ಮೇಲೆ ಬೇರೆ ಬೇರೆ ಕೀಮೋ ಪ್ರಯೋಗಿಸಿ, ಯಾವುದು ಹಿಡಿಸುತ್ತದೆ ಎಂದು ಹೇಳುತ್ತಾರಂತೆ. ಮಾಡಿಸಲಾ?

ಆಸೆ ಹುಟ್ಟಿಸುವ ಮಾತು, ನನಗೂ ಆಸೆ ಆಗಿತ್ತು. ಪ್ರಯೋಗದ ಬಟ್ಟಲಿನಲ್ಲಿ ಗೆದ್ದ ಔಷಧಿ ಮೈಯಲ್ಲಿ ಗೆಲ್ಲಬೇಕೆಂದಿಲ್ಲ. ಅಮೆರಿಕದ ಆಂಕಾಲಜಿಸ್ಟರ ಸಂಘ 2004ರಲ್ಲೂ 2011ರಲ್ಲೂ, ಇಂತಹ ಪರೀಕ್ಷೆ ನೋಡಿ ಕೀಮೋ ಆರಿಸಬೇಡಿ, ಟ್ರಯಲ್‌ಗಳಲ್ಲಿ ಮಾತ್ರ ಇರಲಿ ಎಂದಿತು. ಗಡ್ಡೆಯ ಕೋಶಗಳಿಂದ ಲ್ಯಾಬ್‌ನಲ್ಲಿ ಪುಟ್ಟ ಗಡ್ಡೆಯಂತಹದ್ದನ್ನು ಬೆಳೆಸುವ ಆರ್ಗನಾಯ್ಡ್ ಎಂಬ ಹೊಸ ವಿಧಾನದ ಮೇಲೆ ಈಗ ಒಳ್ಳೆಯ ಸಂಶೋಧನೆ ನಡೆಯುತ್ತಿದೆ. ಆದರೆ ಇದಕ್ಕಾಗಿ ಇರುವ ಸ್ವಲ್ಪ ಟಿಶ್ಯೂ ಖಾಲಿ ಮಾಡಿಕೊಳ್ಳಬೇಡಿ. ಟ್ರಯಲ್ ಇದ್ದರೆ, ಆಂಕಾಲಜಿಸ್ಟ್ ಒಪ್ಪಿದರೆ ಮುಂದುವರಿಯಿರಿ.

ರಕ್ತವನ್ನೂ ಇಡಬೇಕು ಅನ್ನುತ್ತಾರೆ. ಯಾಕೆ?

ಗಡ್ಡೆಯಲ್ಲಿ ಕಂಡ ಬದಲಾವಣೆ ಗಡ್ಡೆಯದ್ದಾ, ಹುಟ್ಟಿನಿಂದಲೇ ಬಂದದ್ದಾ ಎಂದು ತಿಳಿಯಲು ಹೋಲಿಕೆ ಬೇಕು. ರಕ್ತ ಆ ಕೆಲಸ ಮಾಡುತ್ತದೆ. ಹುಟ್ಟಿನಿಂದ ಬಂದದ್ದು ಸಿಕ್ಕರೆ ಅದು ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಸಂಬಂಧಿಸಿದ ವಿಷಯ. ಅಂತಹ ಸುದ್ದಿ ಗೊತ್ತಾಗಬೇಕಾ ಬೇಡವಾ ಎಂದು ಮನೆಯಲ್ಲಿ ಮೊದಲೇ ಕೂತು ಮಾತಾಡಿ. ನಾವು ಮಾತಾಡಿರಲಿಲ್ಲ. ಮಾತಾಡಬೇಕಿತ್ತು.

ಈಗ ರಕ್ತದಲ್ಲೇ ಕ್ಯಾನ್ಸರ್‌ನ ಡಿಎನ್‌ಎ ನೋಡುತ್ತಾರಲ್ಲ, ಟಿಶ್ಯೂ ಯಾಕೆ ಬೇಕು?

ಆ ರಕ್ತ ಪರೀಕ್ಷೆಗೆ ಲಿಕ್ವಿಡ್ ಬಯಾಪ್ಸಿ ಅನ್ನುತ್ತಾರೆ. ಅದು ಒಳ್ಳೆಯ ಸಾಧನ, ಟಿಶ್ಯೂ ಸಿಗದಾಗ ತುಂಬಾ ನೆರವಾಗುತ್ತದೆ. ಆದರೆ ಗಡ್ಡೆ ರಕ್ತಕ್ಕೆ ಡಿಎನ್‌ಎ ಬಿಡದಿದ್ದರೆ, ಇರುವುದೂ ಇಲ್ಲ ಅಂತ ಬರಬಹುದು. ಆಪರೇಷನ್ ನಂತರ ಕಾಯಿಲೆ ಉಳಿದಿದೆಯಾ ಎಂದು ನೋಡುವ ಕೆಲವು ರಕ್ತ ಪರೀಕ್ಷೆಗಳಿಗೆ ಮೊದಲು ಗಡ್ಡೆಯ ಟಿಶ್ಯೂನೇ ಕೊಡಬೇಕು. ಅದರಲ್ಲಿ ಏನು ಸಿಕ್ಕಿತೋ ಅದನ್ನೇ ರಕ್ತದಲ್ಲಿ ಹುಡುಕುತ್ತಾರೆ.

ಬಯೋಬ್ಯಾಂಕ್‌ಗೆ ಕೊಟ್ಟರೆ ನನಗೆ ಬೇಕಾದಾಗ ವಾಪಸ್ ಸಿಗುತ್ತದಾ?

ಸಾಮಾನ್ಯವಾಗಿ ಇಲ್ಲ. ಸಂಶೋಧನೆಯ ಬಯೋಬ್ಯಾಂಕ್ ಅಂದರೆ ದಾನ. ನಿಮ್ಮ ಹೆಸರು ತೆಗೆದು, ಕೋಡ್ ಹಾಕಿ, ಸಂಶೋಧಕರಿಗೆ ಕೊಡುತ್ತಾರೆ. ದೊಡ್ಡ ಮನಸ್ಸಿನ ಕೆಲಸ ಅದು. ಆದರೆ ನಿಮ್ಮ ಸ್ವಂತ ಚಿಕಿತ್ಸೆಗೆಂದು ಇಟ್ಟದ್ದು ಎಂದು ಭಾವಿಸಬೇಡಿ. ಒಪ್ಪಿಗೆ ಪತ್ರದಲ್ಲಿ ಮೂರು ವಿಷಯ ಹುಡುಕಿ: ಸ್ವಂತ ಚಿಕಿತ್ಸೆಗೆ ಬೇಕಾದರೆ ಕೊಡುತ್ತಾರಾ, ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದಾ, ನಿಮ್ಮ ಆರೋಗ್ಯಕ್ಕೆ ಸಂಬಂಧಿಸಿದ್ದು ಕಂಡರೆ ತಿಳಿಸುತ್ತಾರಾ.

ನನ್ನ ಮೈಯದ್ದೇ ಅಲ್ವಾ? ಅದರ ಮೇಲೆ ನನಗೆ ಹಕ್ಕಿಲ್ವಾ?

ಮನಸ್ಸಿಗೆ ಇದಕ್ಕಿಂತ ನೇರ ಪ್ರಶ್ನೆ ಇಲ್ಲ, ಕಾನೂನಿಗೆ ಅಷ್ಟು ನೇರ ಅಲ್ಲ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗರ್ಭಕಂಠದ ಗಡ್ಡೆಯಿಂದ ಅವರನ್ನು ಕೇಳದೆಯೇ ಜೀವಕೋಶ ತೆಗೆದು ಬೆಳೆಸಿದರು. ಆ ಹೀಲಾ ಕೋಶಗಳು ಇವತ್ತಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ. ಅವರು ಅದೇ ವರ್ಷ ತೀರಿಕೊಂಡರು. 1990ರಲ್ಲಿ ಜಾನ್ ಮೂರ್ ಎಂಬವರ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ತೆಗೆದ ಜೀವಕೋಶಗಳ ಮೇಲೆ ಅವರಿಗೆ ಆಸ್ತಿಯ ಹಕ್ಕಿಲ್ಲ, ಆದರೆ ಡಾಕ್ಟರ್ ತಮ್ಮ ಲಾಭದ ಉದ್ದೇಶವನ್ನು ಹೇಳಿ ಒಪ್ಪಿಗೆ ಪಡೆಯಬೇಕಿತ್ತು ಎಂದಿತು. ನಿಮ್ಮ ದೇಶದ ನಿಯಮ ಬೇರೆ ಇರಬಹುದು. ಏನೇ ಇರಲಿ, ಸಹಿ ಹಾಕುವ ಮುಂಚೆ ಓದಿ. ಅರ್ಥವಾಗದ ಸಾಲಿಗೆ ಅರ್ಥ ಕೇಳಿ.

ಹಣ ಪಡೆದು ಟಿಶ್ಯೂ ಇಡುವ ಖಾಸಗಿ ಸಂಸ್ಥೆಗಳನ್ನು ನಂಬಬಹುದಾ?

ಕೆಲವು ಜವಾಬ್ದಾರಿಯಿಂದ ನಡೆಯುತ್ತವೆ. ಹಣ ಕಟ್ಟುವ ಮುಂಚೆ ಕೇಳಿ: ಯಾವ ರೂಪದಲ್ಲಿ ಇಡುತ್ತೀರಿ? ಕರೆಂಟ್ ಹೋದರೆ, ಫ್ರೀಜರ್ ಕೆಟ್ಟರೆ ಏನು ವ್ಯವಸ್ಥೆ? ಎರಡು ಬೇರೆ ಜಾಗದಲ್ಲಿ ಇಡುತ್ತೀರಾ? ಸಂಸ್ಥೆ ಮುಚ್ಚಿದರೆ ನನ್ನ ಟಿಶ್ಯೂ ಯಾರ ಪಾಲು? ವಾಪಸ್ ಕಳಿಸಲು ಎಷ್ಟು ದಿನ, ಎಷ್ಟು ಖರ್ಚು? "ಇದರಿಂದ ನಿಮ್ಮ ಕ್ಯಾನ್ಸರ್ ಗುಣವಾಗುತ್ತದೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಬ್ಲಾಕ್ ಎಷ್ಟು ವರ್ಷ ಬಾಳುತ್ತದೆ?

ದಶಕಗಳು. 1918ರ ಫ್ಲೂ ಜ್ವರದಲ್ಲಿ ಸತ್ತ ಸೈನಿಕರ ಶ್ವಾಸಕೋಶದ ತುಣುಕುಗಳು ಹೀಗೆ ಮೇಣದಲ್ಲಿ ಉಳಿದಿದ್ದವು. 1997ರಲ್ಲಿ ಜೆಫ್ರಿ ಟಾಬೆನ್‌ಬರ್ಗರ್ ತಂಡ ಅವುಗಳಿಂದ ಆ ವೈರಸ್‌ನ ಆರ್‌ಎನ್‌ಎ ಓದಿ ತೋರಿಸಿತು. ಸುಮಾರು 80 ವರ್ಷ ಆದ ಮೇಲೆ! ಹಳೆಯದಾದಂತೆ ಗುಣ ಇಳಿಯುತ್ತದೆ, ಕೆಲವು ಲ್ಯಾಬ್‌ಗಳು ತೀರಾ ಹಳೇ ಬ್ಲಾಕ್ ಒಪ್ಪುವುದಿಲ್ಲ. ಆದರೂ ಹಳೆಯದು ಎಂದು ನೀವಾಗಿಯೇ ಬಿಡಬೇಡಿ, ಕೇಳಿ ನೋಡಿ.

ಬ್ಲಾಕನ್ನು ನನ್ನ ಕೈಗೇ ಕೊಟ್ಟಿದ್ದಾರೆ. ಮನೆಯಲ್ಲಿ ಹೇಗೆ ಇಡಲಿ?

ಬಿಸಿಲು ಬೀಳದ, ಒಣಗಿದ, ತಂಪಾದ ಜಾಗದಲ್ಲಿ. ಈ ಮೇಣ 60 ಡಿಗ್ರಿ ಹತ್ತಿರ ಕರಗುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಯಾವತ್ತೂ ಬಿಡಬೇಡಿ. ಗಟ್ಟಿ ಡಬ್ಬಿಯಲ್ಲಿ ಹಾಕಿ, ಮೇಲೆ ಹೆಸರು, ಬ್ಲಾಕ್ ನಂಬರ್, ತಾರೀಖು, ಆಸ್ಪತ್ರೆ ಬರೆಯಿರಿ. ರಿಪೋರ್ಟಿನ ಪ್ರತಿ ಜೊತೆಗಿರಲಿ. ಎಲ್ಲಿಟ್ಟಿದ್ದೀರಿ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ.

ಪರೀಕ್ಷೆಗೆ ಕಳಿಸುವಾಗ ಎಲ್ಲ ಬ್ಲಾಕ್‌ಗಳನ್ನೂ ಒಟ್ಟಿಗೆ ಕಳಿಸಬೇಡಿ. ಒಂದನ್ನಾದರೂ ಉಳಿಸಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ವಾಪಸ್ ಕೊಡಿ ಎಂದು ಬರೆದು ಕಳಿಸಿ. ವಾಪಸ್ ಬಂತಾ ಎಂದು ಬೆನ್ನು ಬೀಳುವುದೂ ನಿಮ್ಮದೇ ಕೆಲಸ, ಬೇರೆ ಯಾರೂ ಮಾಡುವುದಿಲ್ಲ.

ಕಾಯಿಲೆ ಮತ್ತೆ ಬಂದಿದೆ. ಹಳೇ ಬ್ಲಾಕ್ ಸಾಕಾ, ಹೊಸ ಬಯಾಪ್ಸಿ ಬೇಕಾ?

ಕ್ಯಾನ್ಸರ್ ಕಾಲ ಕಳೆದಂತೆ, ಔಷಧಿ ಬಿದ್ದಂತೆ ಬದಲಾಗುತ್ತದೆ. ಸಾಧ್ಯವಿದ್ದರೆ ಹೊಸದನ್ನು ನೋಡುವುದು ಒಳ್ಳೆಯದು. ಆದರೆ ಕೆಲವು ಜಾಗಕ್ಕೆ ಸೂಜಿ ಹಾಕುವುದೇ ಅಪಾಯ. ಅಕ್ಕನಿಗೆ ಹಾಗೇ ಆಯಿತು, ಹೊಸ ಬಯಾಪ್ಸಿ ಬೇಡ ಅಂದರು. ಹಳೇ ಬ್ಲಾಕ್ ತರಿಸಿ ಮತ್ತೆ ಪರೀಕ್ಷಿಸಿದರು. ಸ್ಕೋರ್ 1 ಬಂತು. ಆ ಔಷಧಿಗೆ ದಾರಿ ತೆರೆಯಿತು.

ಟಿಶ್ಯೂ ಇಡುವ ಏರ್ಪಾಡು ಇನ್ನೂ ಆಗಿಲ್ಲ. ಆಪರೇಷನ್ ಮುಂದೆ ಹಾಕಲಾ?

ಬೇಡ.

ನಾಳೆ ಬೆಳಿಗ್ಗೆಯೇ ಆಪರೇಷನ್. ಈಗ ಇದನ್ನು ಓದುತ್ತಿದ್ದೇನೆ. ಏನು ಮಾಡಬಹುದು?

ಹೊಸದಾಗಿ ಹೆಪ್ಪುಗಟ್ಟಿಸುವ ವ್ಯವಸ್ಥೆ ಈ ರಾತ್ರಿಯಲ್ಲಿ ಆಗುವುದು ಕಷ್ಟ. ಅದಕ್ಕೆ ನಿದ್ದೆಗೆಡಬೇಡಿ. ಆಸ್ಪತ್ರೆಯಲ್ಲೇ ಬಯೋಬ್ಯಾಂಕ್ ಇದ್ದರೆ ಬೆಳಿಗ್ಗೆ ಡ್ಯೂಟಿ ಡಾಕ್ಟರನ್ನು ಒಮ್ಮೆ ಕೇಳಿ. ಒಂದು ಹಾಳೆಯಲ್ಲಿ ಎರಡು ಸಾಲು ಬರೆದು ಸರ್ಜನ್ ಕೈಗೆ ಕೊಡಿ: "ದಯವಿಟ್ಟು ಗಡ್ಡೆಯನ್ನು ತಡಮಾಡದೆ ಪೆಥಾಲಜಿಗೆ ಕಳಿಸಿ. ಗಡ್ಡೆ ಹೆಚ್ಚಿರುವ ಒಂದು ಬ್ಲಾಕನ್ನು ಮುಂದಿನ ಪರೀಕ್ಷೆಗೆಂದು ಉಳಿಸಿ." ಕೆಳಗೆ ಹೆಸರು, ಫೋನ್ ನಂಬರ್. ರಿಪೋರ್ಟ್ ಬಂದ ದಿನ ಅದರಲ್ಲಿರುವ ಬ್ಲಾಕ್ ನಂಬರನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.